ಹೂಂ ಭಾವ ತಂದ ತಂತಿ

ಹೆಗಲ ಮೇಲೆ ಗಿಟಾರು, ಮುಖದ ಮೇಲೆ ಹರಳೆಣ್ಣೆ ಕುಡಿದ ಕಳೆ. ಶುಕ್ರವಾರ ಮಧ್ಯಾಹ್ನ ಎರಡು ಬಸ್ಸು ಬದಲಾಯಿಸಿ ಊರಿನ ಆ ತುದಿಯ ವಾದ್ಯದಂಗಡಿಗೆ ಹೂಂ ಭಾವ ಹೊರಟಿದ್ದು ಹೀಗೆ. ಬಸ್ಸಿನಲ್ಲಿ ಪಕ್ಕದ ಸೀಟಿನವನು "ನುಡಿಸ್ತೀರಾ?" ಎಂದು ಕೇಳಿದ್ದಕ್ಕೆ ಅಭ್ಯಾಸಬಲದಿಂದ "ಹೂಂ" ಎಂದುಬಿಟ್ಟ. ಆಮೇಲೆ, "ಅಂದ್ರೆ ನಾನಲ್ಲ, ನನ್ನ ಹೆಂಡ್ತಿ" ಎಂದು ತಿದ್ದಿಕೊಂಡ. ಇನ್ನು ಮೇಲೆ ಅದೂ ಸುಳ್ಳೇ ಎಂದು ನೆನಪಾಯಿತು. ಕಿಟಕಿಯ ಕಡೆ ತಿರುಗಿ ಕುಳಿತ.

ಹೂಂ ಭಾವ ಎನ್ನುವುದು ಅವನಿಗೆ ನಾದಿನಿ ಇಟ್ಟ ಹೆಸರು. ಯಾರು ಏನು ಹೇಳುತ್ತಿದ್ದರೂ ಮಾತು ಅರ್ಧಕ್ಕೆ ಬರುವಷ್ಟರಲ್ಲಿ "ಹೂಂ, ಹೂಂ, ಗೊತ್ತಾಯ್ತು" ಎಂದುಬಿಡುವುದು ಅವನ ಚಾಳಿ. ಗೊತ್ತಾಗಿರುತ್ತಿರಲಿಲ್ಲ, ಅದು ಬೇರೆ ಮಾತು. ಮದುವೆಯಾದ ಹೊಸದರಲ್ಲಿ ಒಮ್ಮೆ ಮಾವನವರು ಸ್ನಾನದ ಮನೆಯಿಂದ, "ಬೀಗ ಹಾಕ್ಕೊಂಡು ಹೋಗ್ಬೇಡಪ್ಪಾ, ನಾನಿನ್ನೂ ಒಳಗಿದ್ದೀನಿ" ಎಂದು ಕೂಗುತ್ತಿದ್ದಾಗ ಇವನು "ಬೀಗ" ಎನ್ನುವಷ್ಟನ್ನೇ ಕೇಳಿ, ಹೂಂ ಎಂದು ಬೀಗ ಜಡಿದು, ಎಲ್ಲರನ್ನೂ ಕರೆದುಕೊಂಡು ಸಿನಿಮಾಕ್ಕೆ ಹೋಗಿದ್ದ. ಅವತ್ತು ಅಂಟಿದ ಹೆಸರು ಇನ್ನೂ ಬಿಟ್ಟಿಲ್ಲ. ಕನ್ನಡಕದಂಗಡಿ ಇಟ್ಟುಕೊಂಡಿದ್ದಾನೆ. ಕನ್ನಡಕ ಹಾಕಿಕೊಂಡರೆ ಇರುವೆಯ ಕಾಲು ಎಣಿಸುವಂಥ ಕಣ್ಣು ಅವನದು. ಕಿವಿಯ ವಿಷಯ ಮಾತ್ರ ಕೇಳಬೇಡಿ.

ಹೆಂಡತಿ ಶಾಲೆಯಲ್ಲಿ ಲೆಕ್ಕದ ಟೀಚರ್. ವಾರವಿಡೀ ಮಕ್ಕಳಿಗೆ ಭಿನ್ನರಾಶಿ ಅರೆದು ಕುಡಿಸಿ, ಶನಿವಾರ ಸಂಜೆ ಒಂದು ಹೋಟೆಲಿನ ತಾರಸಿಯ ಮೇಲೆ ನಾಲ್ಕು ಜನರ ತಂಡದಲ್ಲಿ ಎಲೆಕ್ಟ್ರಿಕ್ ಗಿಟಾರು ನುಡಿಸುತ್ತಿದ್ದಳು. ಮನೆಯಲ್ಲಿ ಸದಾ ಹುಬ್ಬು ಗಂಟಿಕ್ಕಿಕೊಂಡಿರುವ ಅವಳು ಅಲ್ಲಿ ಕಣ್ಣು ಮುಚ್ಚಿ ನಗುತ್ತಿದ್ದಳು. ಹೂಂ ಭಾವನಿಗೆ ಸಂಗೀತ ಅಷ್ಟಕ್ಕಷ್ಟೆ. ಆ ನಗು ನೋಡಲೆಂದೇ ಪ್ರತಿ ಶನಿವಾರ ಮೂಲೆಯ ಮೇಜು ಹಿಡಿದು, ಒಂದೇ ಲೋಟ ಜ್ಯೂಸನ್ನು ಕಾರ್ಯಕ್ರಮ ಮುಗಿಯುವವರೆಗೆ ಎಳೆಯುತ್ತಿದ್ದ. ಮಾಣಿಗಳಿಗೆ ಅವನನ್ನು ಕಂಡರಾಗುತ್ತಿರಲಿಲ್ಲ.

ಹೀಗಿರುವಾಗ ಫ್ಯಾನಿನ ಧೂಳು ಹೊಡೆಯಲು ಸ್ಟೂಲಿನ ಮೇಲೆ ನಿಂತವಳು ಬಿದ್ದಳು. ಎಡಗೈ ಮಣಿಕಟ್ಟು ಮುರಿಯಿತು. ಎಡಗೈ ಎಂದರೆ ಗಿಟಾರಿನ ಕತ್ತು ಹಿಡಿದು ತಂತಿ ಒತ್ತುವ ಕೈ. ಪಟ್ಟಿ ಬಿಚ್ಚಿದ ದಿನ ಡಾಕ್ಟರು, "ಕೈ ಬರುತ್ತೆ. ಎಷ್ಟರಮಟ್ಟಿಗೆ ಅಂತ ಈಗಲೇ ಹೇಳೋಕಾಗಲ್ಲ" ಎಂದರು. ಮೊದಲನೆಯ ಮಾತನ್ನು ಹೂಂ ಭಾವ ಕೇಳಿಸಿಕೊಂಡ. ಎರಡನೆಯದನ್ನು ಹೆಂಡತಿ ಕೇಳಿಸಿಕೊಂಡಳು. ಅದೇ ಅವಳ ತಲೆಯಲ್ಲಿ ಹುಳದಂತೆ ಕೊರೆಯತೊಡಗಿತು. ಆಸ್ಪತ್ರೆಯಲ್ಲಿ ಹೇಳಿಕೊಟ್ಟ ವ್ಯಾಯಾಮಗಳನ್ನು ಚಾಚೂ ತಪ್ಪದೆ ಮಾಡಿದಳು, ಗಿಟಾರನ್ನು ಮಾತ್ರ ಮುಟ್ಟಲು ಹೆದರಿದಳು. ಅದು ಮನೆಯ ಮೂಲೆಯಲ್ಲಿ ನಿಂತು, ತಂತಿಗಳು ತುಕ್ಕು ಹಿಡಿದವು.

ಕೊನೆಗೂ ಒಂದು ದಿನ ಧೈರ್ಯ ಮಾಡಿ ಕನ್ನಡಕದಂಗಡಿಗೆ ಫೋನ್ ಮಾಡಿದಳು. "ರೀ, ಗಿಟಾರಿಗೆ ಹೊಸ ತಂತಿ ಬೇಕು. ಬರ್ತಾ ಒಂದು ಸೆಟ್ ತನ್ನಿ. ಹತ್ತರದ್ದೇ ತನ್ನಿ, ಆಯ್ತಾ? ಬೇರೆ ಕೊಟ್ರೆ..."

"ಹೂಂ, ಹೂಂ, ಗೊತ್ತಾಯ್ತು," ಎಂದ ಹೂಂ ಭಾವ. ಹಿಂದುಗಡೆ ಗಾಜು ಉಜ್ಜುವ ಯಂತ್ರ ಗುರ್ರೆನ್ನುತ್ತಿತ್ತು. ತನಗೆ ಓಡಾಟ ಆಗಬಾರದೆಂದು ಹೆಂಡತಿ ಎಷ್ಟು ಯೋಚನೆ ಮಾಡುತ್ತಾಳೆ ಎಂದು ಒಳಗೊಳಗೇ ಖುಷಿಪಟ್ಟ. ಬೀದಿಯ ತಿರುವಿನಲ್ಲೇ ಆಟಿಕೆ, ಕೊಳಲು, ಕೀಬೋರ್ಡು ಎಲ್ಲ ಮಾರುವ ಅಂಗಡಿಯೊಂದಿತ್ತು. ಅಲ್ಲಿದ್ದ ಒಂದೇ ಒಂದು ಸೆಟ್ ತಂದ. ಜನರಿಗೆ ಸಣ್ಣಕ್ಷರ ಓದಿಸಿ ಬದುಕುವ ಮನುಷ್ಯ ಪ್ಯಾಕೆಟ್ಟಿನ ಮೇಲಿದ್ದ ದಪ್ಪಕ್ಷರವನ್ನು ಓದಲಿಲ್ಲ.

ತಂದಿದ್ದಷ್ಟೇ ಅಲ್ಲ, ಅವಳು ಆಸ್ಪತ್ರೆಗೆ ಹೋಗಿದ್ದಾಗ ತಾನೇ ಕೂತು ಹಾಕಿದ. ಅವಳ ಕೈಗೆ ತ್ರಾಸವಾಗಬಾರದಲ್ಲ! ಫೋನಿನಲ್ಲಿ ಶ್ರುತಿ ತೋರಿಸುವ ಆ್ಯಪ್ ಇಟ್ಟುಕೊಂಡು ಒಂದು ತಂತಿ ಬಿಗಿದರೆ ಹಿಂದಿನದು ಇಳಿಯುತ್ತಿತ್ತು. ಅದನ್ನು ಏರಿಸಿದರೆ ಇದು ಇಳಿಯುತ್ತಿತ್ತು. ಬೆವರಿಳಿಸಿಕೊಂಡು, ಬೈದುಕೊಂಡು, ಮತ್ತೆ ಮತ್ತೆ ಸುತ್ತಿ ಅಂತೂ ಆರೂ ತಂತಿಗಳನ್ನು ಶ್ರುತಿಗೆ ತಂದ. ಅಷ್ಟು ಹೊತ್ತಿಗೆ ತಂತಿಗಳ ಬುಡದಲ್ಲಿರುವ ಲೋಹದ ತಟ್ಟೆ, ಬ್ರಿಡ್ಜ್ ಅನ್ನುತ್ತಾರಲ್ಲ ಅದು, ಹಿಂಭಾಗ ಎತ್ತಿಕೊಂಡು ನಿಂತಿತ್ತು. ಅದು ತೇಲುವ ಬ್ರಿಡ್ಜ್ ಎಂದು ಹೆಂಡತಿ ಯಾವತ್ತೋ ಹೇಳಿದ್ದು ಅವನಿಗೆ ನೆನಪಿತ್ತು. ಸರಿ, ಚೆನ್ನಾಗಿಯೇ ತೇಲುತ್ತಿದೆ ಎಂದುಕೊಂಡ.

ಅವತ್ತು ಸಂಜೆ ಅವಳು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡಳು. ಹೂಂ ಭಾವ ಅಡುಗೆಮನೆಯ ಬಾಗಿಲಲ್ಲಿ ಮೈಯೆಲ್ಲ ಕಿವಿಯಾಗಿ ನಿಂತ. ತಂತಿಗಳು ಎತ್ತರದಲ್ಲಿ ಕೂತಿದ್ದವು, ಒತ್ತಿದರೆ ಬೆರಳನ್ನು ಕೊಯ್ಯುತ್ತಿದ್ದವು. ತಂತಿಯನ್ನು ಪಕ್ಕಕ್ಕೆ ತಳ್ಳಿ ಸ್ವರವನ್ನು ಏರಿಸುವುದು ಅವಳ ಕೈಚಳಕ. ಈಗ ತಳ್ಳಿದರೆ ತಂತಿ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಒತ್ತಿದ ಸ್ವರವೆಲ್ಲ ಕೊಂಚ ಮೇಲಕ್ಕೇ ಕೇಳುತ್ತಿತ್ತು. ಅರ್ಧ ಹಾಡಿಗೆ ನಿಲ್ಲಿಸಿದಳು. ಗಿಟಾರಿನ ಕಡೆ ಅವಳು ನೋಡಲೇ ಇಲ್ಲ, ತನ್ನ ಕೈಯನ್ನೇ ನೋಡಿದಳು. ಕೆಡುಕನ್ನು ಕಾಯುತ್ತ ಕೂತವಳಿಗೆ ಅದು ಬಂದ ದಾರಿಯನ್ನು ಹುಡುಕಬೇಕು ಅನ್ನಿಸಲಿಲ್ಲ.

"ಆಯ್ತು ಬಿಡಿ," ಎಂದಳು. ತಂಡದ ಹಾಡುಗಾರನಿಗೆ ಫೋನ್ ಮಾಡಿದಳು. ದನಿ ಗಡಸಾದ್ದರಿಂದ ಅವನನ್ನು ಎಲ್ಲರೂ ಗುಡುಗಣ್ಣ ಎನ್ನುತ್ತಿದ್ದರು. "ಬೇರೆಯವರನ್ನ ನೋಡ್ಕೊಳ್ಳಿ. ನನ್ನ ಕೈ ಮುಗೀತು," ಎಂದಳು, ಅಂಗಡಿಯವನಿಗೆ ನಾಳೆಯಿಂದ ಹಾಲು ಬೇಡ ಎಂದು ಹೇಳುವ ದನಿಯಲ್ಲಿ. ಎರಡು ದಿನ ಬಿಟ್ಟು, ಶುಕ್ರವಾರ ಗಂಡನ ಮುಂದೆ ಗಿಟಾರಿನ ಚೀಲ ತಂದಿಟ್ಟಳು.

"ಸ್ಪ್ರಿಂಗಮ್ಮನ ಅಂಗಡೀಲಿ ಕೊಟ್ಟು ಬನ್ನಿ. ಕಲಿಯೋ ಮಕ್ಕಳು ಯಾರಿಗಾದ್ರೂ ಹೋಗ್ಲಿ. ನನ್ನ ಮಾತ್ರ ಬಾ ಅನ್ಬೇಡಿ."

ಹೂಂ ಭಾವನಿಗೆ ಜೀವಮಾನದಲ್ಲಿ ಮೊದಲ ಸಲ ಹೂಂ ಎನ್ನಲು ಬಾಯಿ ಬರಲಿಲ್ಲ.

ಸ್ಪ್ರಿಂಗಮ್ಮ ಐವತ್ತು ದಾಟಿದ ಗಟ್ಟಿ ಹೆಂಗಸು. ಇಂಥ ಗಿಟಾರುಗಳ ಬೆನ್ನಿನಲ್ಲಿರುವ ಸ್ಪ್ರಿಂಗುಗಳ ಜೊತೆ ಹೆಣಗುವುದೇ ಕೆಲಸವಾದ್ದರಿಂದ ಆ ಹೆಸರು. ಅಂಗಡಿ ಎಂದರೆ ಒಂದು ಉದ್ದ ಮೇಜು, ಅದರ ಮೇಲೆ ಹಳೆಯ ಕಂಬಳಿ, ಗೋಡೆ ತುಂಬ ಮೊಳೆಗೆ ನೇತುಬಿದ್ದ ಗಿಟಾರುಗಳು. ಹೂಂ ಭಾವ ತಲೆ ತಗ್ಗಿಸಿ ಬಂದ ಕೆಲಸ ಹೇಳಿದ. ಹೆಂಡತಿಯ ಕೈಯ ವಿಷಯ ಹೇಳುವಾಗ ಎರಡು ಸಲ ನೀರು ಕುಡಿಯಬೇಕಾಯಿತು. ಸ್ಪ್ರಿಂಗಮ್ಮ "ಅಯ್ಯೋ ಪಾಪ, ನಮ್ಮ ಟೀಚರಮ್ಮ!" ಎನ್ನುತ್ತ ಚೀಲದ ಜಿಪ್ ಎಳೆದಳು. ಎಳೆದವಳೇ ಗಕ್ಕನೆ ನಿಂತಳು.

"ಇದೇನಪ್ಪಾ, ಹೀಗೆ ಬಾಲ ಎತ್ಕೊಂಡು ನಿಂತಿದೆ?"

"ತೇಲ್ತಾ ಇದೆ," ಎಂದ ಹೂಂ ಭಾವ, ಬಲ್ಲವನ ಹಾಗೆ.

"ತೇಲ್ತಾ ಇಲ್ಲ, ಕಿತ್ಕೊಂಡು ಬರ್ತಾ ಇದೆ! ಯಾರು ತಂತಿ ಹಾಕಿದ್ದು?"

"ನಾನೇ."

ಸ್ಪ್ರಿಂಗಮ್ಮ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಗಿಟಾರನ್ನು ಎತ್ತಿಕೊಂಡು ತಂತಿ ಒತ್ತಿ ಪಕ್ಕಕ್ಕೆ ತಳ್ಳಿದಳು. "ಅಬ್ಬಾ!" ಎಂದು ಬೆರಳು ಕೊಡವಿದಳು. "ನನ್ನ ಬೆರಳೇ ಉರಿದುಹೋಯ್ತು. ಮುರಿದ ಕೈಲಿ ಇದನ್ನ ನುಡಿಸಿದ್ರಾ ಅವ್ರು? ಎಷ್ಟು ಹೊತ್ತು?"

"ಅರ್ಧ ಹಾಡು."

"ಅರ್ಧ ಹಾಡು! ಗಟ್ಟಿಗಿತ್ತಿ ಅವ್ರು. ನಾನಾಗಿದ್ರೆ ಅರ್ಧ ಸಾಲಿಗೆ ಎತ್ತಿ ಬಿಸಾಕ್ತಿದ್ದೆ. ಈ ತಂತಿ ನಂಬರ್ ಹನ್ನೊಂದು ಕಣಪ್ಪಾ. ಅವ್ರಿಗೆ ಯಾವತ್ತೂ ನಾನು ಹಾಕ್ಕೊಡ್ತಿದ್ದದ್ದು ಹತ್ತು."

"ನಂಬರ್ ಅಂದ್ರೆ?"

"ನಿಮ್ಮ ಕನ್ನಡಕಕ್ಕೆ ಪವರ್ ಇಲ್ವಾ, ಹಾಗೆ ತಂತಿಯ ದಪ್ಪಕ್ಕೆ ನಂಬರ್. ಒಂಬತ್ತು ಸಣ್ಣ, ಹತ್ತು ಅದಕ್ಕಿಂತ ದಪ್ಪ, ಹನ್ನೊಂದು ಇನ್ನೂ ದಪ್ಪ. ಪವರ್ ತಪ್ಪಿದ ಕನ್ನಡಕ ಹಾಕ್ಕೊಂಡು ಕಣ್ಣೇ ಹೋಯ್ತು ಅಂತ ಅಳೋ ಗಿರಾಕಿ ಬರಲ್ವಾ ನಿಮ್ಮಂಗಡಿಗೆ? ಅದೇ ಕತೆ ಇದು."

ಬರುತ್ತಿದ್ದರು, ವಾರಕ್ಕೊಬ್ಬರಾದರೂ ಬರುತ್ತಿದ್ದರು. ಹೂಂ ಭಾವ ಮೇಜಿನ ಅಂಚು ಹಿಡಿದುಕೊಂಡ. "ಹತ್ತರದ್ದೇ ತನ್ನಿ" ಎಂದು ಅವಳು ಹೇಳಿದ್ದು ಕಿವಿಯಲ್ಲಿ ಮತ್ತೆ ಮೊಳಗಿತು. ಹತ್ತಿರದ ಅಂಗಡಿಯದ್ದಲ್ಲ, ಹತ್ತನೇ ನಂಬರಿನದ್ದು! "ಬೇರೆ ಕೊಟ್ರೆ..." ಎಂದು ಅವಳು ಏನೋ ಹೇಳಲು ಹೊರಟಿದ್ದಳಲ್ಲ, ಬೇರೆ ಕೊಟ್ಟರೆ ತರಬೇಡಿ ಎಂದಿರಬೇಕು. ಅಷ್ಟರಲ್ಲಿ ಈ ಹೂಂ! ತನ್ನ ಎರಡು ಕಿವಿಗಳನ್ನೂ ಹಿಡಿದು ತಿರುಚಬೇಕೆನ್ನಿಸಿತು. ಅದೇ ಉಸಿರಿನಲ್ಲಿ ಹೋದ ಜೀವ ಬಂದಂತೆಯೂ ಆಯಿತು. ಅವಳ ಕೈ ಕೆಟ್ಟಿರಲಿಲ್ಲ! ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದ.

"ನೀವು ಸರಿ ಮಾಡ್ಕೊಡಿ. ನಾನು ಮನೇಗೆ ತಗೊಂಡ್ಹೋಗಿ ಸುಮ್ನೆ ಇಟ್ಬಿಡ್ತೀನಿ," ಎಂದ.

"ಇಟ್ರೆ? ಅವ್ರು ಇನ್ನು ಅದನ್ನ ಮುಟ್ತಾರಾ? ಗಿಟಾರು ಸರಿ ಮಾಡೋದು ನನ್ನ ಕೆಲಸ. ಅವ್ರ ತಲೇಲಿ ಕೂತಿರೋದನ್ನ ನೀವೇ ತೆಗೀಬೇಕು. ಫೋನ್ ಮಾಡಿ."

ಮಾಡಿದ. "ಕೇಳಿಲ್ಲಿ. ನಿನ್ನ ಕೈ ಸರಿಯಾಗಿದೆ. ಸರಿ ಇಲ್ದಿರೋದು ನನ್ನ ಕಿವಿ," ಎಂದು ಶುರುಮಾಡಿ ಎಲ್ಲವನ್ನೂ ಒಂದೇ ಏಟಿಗೆ ಒದರಿಬಿಟ್ಟ. ಬೈಗುಳಕ್ಕೆ ಅವನು ತಲೆ ಕೊಟ್ಟು ಕಾದ. ಫೋನು ಕಟ್ಟಾಯಿತು.

ಶಾಲೆ ಬಿಟ್ಟ ಮೇಲೆ ಅವಳು ಬಂದಳು. ಸೀರೆಯ ಸೆರಗಿನಲ್ಲಿ ಇನ್ನೂ ಚಾಕ್‌ಪೀಸಿನ ಪುಡಿ. ಗಂಡನ ಕಡೆ ತಿರುಗಿಯೂ ನೋಡದೆ ಸ್ಪ್ರಿಂಗಮ್ಮನ ಮುಂದೆ ನಿಂತಳು. "ನನ್ನ ಸಮಾಧಾನಕ್ಕೆ ಇಬ್ರೂ ಸೇರಿ ಕತೆ ಕಟ್ತಿದ್ದೀರಾ?"

"ಕತೆ ಕಟ್ಟೋಕೆ ನನಗೆಲ್ಲಿದೆ ಪುರುಸೊತ್ತು? ಕಣ್ಣಿದೆಯಲ್ಲ, ನೀನೇ ನೋಡು," ಎಂದು ಸ್ಪ್ರಿಂಗಮ್ಮ ಗಿಟಾರನ್ನು ಬೋರಲು ಹಾಕಿ ಬೆನ್ನಿನ ಮುಚ್ಚಳ ಬಿಚ್ಚಿದಳು. ಒಳಗೆ ಮೂರು ಸ್ಪ್ರಿಂಗುಗಳು ಸಾಲಾಗಿದ್ದವು. "ಮುಂದುಗಡೆ ಆರು ತಂತಿ ಎಳೀತವೆ, ಹಿಂದುಗಡೆ ಈ ಮೂರು ಎಳೀತವೆ. ನಡುವೆ ಬ್ರಿಡ್ಜ್ ತಕ್ಕಡಿ ಇದ್ದ ಹಾಗೆ. ಸ್ಪ್ರಿಂಗು ಹತ್ತಕ್ಕೆ ತಕ್ಕ ಹಾಗೆ ಇದೆ. ನಿಮ್ಮೆಜಮಾನ್ರು ಮುಂದೆ ಹನ್ನೊಂದು ಹೇರಿದ್ರು. ಬ್ರಿಡ್ಜ್ ಎದ್ದು ನಿಂತ್ಕೊಳ್ತು, ತಂತಿ ಮೇಲಕ್ಕೆ ಹೋಯ್ತು, ಶ್ರುತಿ ದಿಕ್ಕಾಪಾಲಾಯ್ತು."

ಹೆಂಡತಿ ಬಗ್ಗಿ ನೋಡಿದಳು. ಎದ್ದು ನಿಂತ ತಟ್ಟೆಯ ಅಡಿಗೆ ಬೆರಳು ತೂರಿಸಿ ನೋಡಿದಳು. ಲೆಕ್ಕದ ಟೀಚರಿಗೆ ಎರಡು ಕಡೆ ಸಮ ಇಲ್ಲವೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆಗ ಗಂಡನ ಕಡೆ ತಿರುಗಿದಳು.

"ತಕ್ಕಡಿ ಅಂತೆ. ಬೆಪ್ಪುತಕ್ಕಡಿ ಇಲ್ಲಿ ನಿಂತಿದೆ!"

ಸ್ಪ್ರಿಂಗಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೂಂ ಭಾವ ಹಲ್ಲು ಕಿರಿದ. ಬೈಸಿಕೊಂಡಾಗ ಇಷ್ಟು ಹಾಯೆನಿಸಬಹುದೆಂದು ಅವನಿಗೆ ಗೊತ್ತಿರಲಿಲ್ಲ.

"ಹತ್ತನ್ನೇ ಹಾಕಿ," ಎಂದಳು ಹೆಂಡತಿ.

"ಬೇಡ. ಕೈ ಇನ್ನೂ ಎಳೇದು, ಸದ್ಯಕ್ಕೆ ಒಂಬತ್ತು ಇರ್ಲಿ. ಆದ್ರೆ ಆಗ ಸ್ಪ್ರಿಂಗಿನ ಜೋರೇ ಜಾಸ್ತಿಯಾಗಿ ಬ್ರಿಡ್ಜ್ ಹಿಂದಕ್ಕೆ ಕುಸಿಯುತ್ತೆ. ಅದನ್ನ ಸಡಿಲ ಮಾಡ್ಬೇಕು. ಬಾ, ನೀನೇ ಮಾಡು."

ಸ್ಪ್ರಿಂಗಮ್ಮ ಬ್ರಿಡ್ಜನ್ನು ಮಟ್ಟಕ್ಕೆ ತಂದು ಅದರ ಹಿಂಬದಿಯ ಅಡಿಗೆ ತೆಳ್ಳನೆಯ ಹಲಗೆ ಚೂರೊಂದನ್ನು ಸಿಕ್ಕಿಸಿದಳು. ಹನ್ನೊಂದರ ತಂತಿಗಳನ್ನು ಬಿಚ್ಚಿ ಕಸದ ಡಬ್ಬಿಗೆ ಹಾಕಿದಳು. ಕೂದಲಿನಷ್ಟು ಸಣ್ಣಗೆ ಮಿನುಗುವ ಹೊಸ ತಂತಿಗಳನ್ನು ಏರಿಸಿ ಶ್ರುತಿ ಮಾಡಿದಳು. ಸ್ಪ್ರಿಂಗುಗಳು ಹಿಂದಕ್ಕೆ ಎಳೆಯುತ್ತಿದ್ದವು, ಹಲಗೆ ಚೂರು ಅಡ್ಡ ನಿಂತು ತಡೆದಿತ್ತು. ಗಿಟಾರನ್ನು ಮಗ್ಗುಲಾಗಿ ನಿಲ್ಲಿಸಿ ಹೆಂಡತಿಯ ಕೈಗೆ ತಿರುಪು ತಿರುಗಿಸುವ ಸ್ಕ್ರೂಡ್ರೈವರ್ ಕೊಟ್ಟಳು.

"ಎಡಗೈಲೇ ತಿರುಗಿಸು. ಆಸ್ಪತ್ರೇಲಿ ಇದನ್ನೇ ತಾನೆ ಮಾಡಿಸೋದು? ಈ ಎರಡು ತಿರುಪು ಸಡಿಲ ಮಾಡಿದ್ರೆ ಸ್ಪ್ರಿಂಗು ಸಡಿಲ ಆಗುತ್ತೆ. ಇದಕ್ಕೊಂದಿಷ್ಟು, ಅದಕ್ಕೊಂದಿಷ್ಟು. ಅವಸರ ಬೇಡ."

ಹೆಂಡತಿ ತಿರುಗಿಸಿದಳು. ಮಣಿಕಟ್ಟು ಹೊರಳುವಾಗ ತುಟಿ ಕಚ್ಚುತ್ತಿದ್ದಳು, ನಿಲ್ಲಿಸಲಿಲ್ಲ. ಪ್ರತಿ ಸಲವೂ ಸ್ಪ್ರಿಂಗಮ್ಮ ಹಲಗೆ ಚೂರನ್ನು ಮೆಲ್ಲಗೆ ಎಳೆದು ನೋಡುವಳು. ಬರುತ್ತಿರಲಿಲ್ಲ. "ಇನ್ನೊಂಚೂರು" ಎನ್ನುವಳು. ಹೂಂ ಭಾವ ಟಾರ್ಚು ಹಿಡಿದು ನಿಂತಿದ್ದ. ಬಾಯಿ ತೆರೆಯಕೂಡದೆಂದು ಅವನಿಗೆ ಅಪ್ಪಣೆಯಾಗಿತ್ತು. ಒಂದು ಸಲ ಚೂರು ಸ್ವಲ್ಪ ಅಲುಗಿತು. ಮತ್ತೊಂದು ಸಲ ಅರ್ಧ ಬಂದು ನಿಂತಿತು. ಆಮೇಲೆ ಹೆಂಡತಿ ಬಲಬದಿಯ ತಿರುಪನ್ನು ಕಂಡೂ ಕಾಣದಷ್ಟು ತಿರುಗಿಸಿದಳು. ಸ್ಪ್ರಿಂಗಮ್ಮ ಎಳೆದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಚೂರು ಹೊರಬಂತು. ಬ್ರಿಡ್ಜ್ ಏಳಲೂ ಇಲ್ಲ, ಕುಸಿಯಲೂ ಇಲ್ಲ. ಯಾವುದಕ್ಕೂ ತಾಗದೆ ನಡುವೆ ನಿಂತಿತು.

"ಈಗ ನೋಡಪ್ಪಾ, ತೇಲೋದು ಅಂದ್ರೆ ಇದು," ಎಂದಳು ಸ್ಪ್ರಿಂಗಮ್ಮ ಹೂಂ ಭಾವನಿಗೆ.

ಕತ್ತಿನ ಬಾಗನ್ನು ನೋಡಿ, ತಂತಿಗಳ ಎತ್ತರವನ್ನು ನೋಡಿ, ಶ್ರುತಿಯನ್ನು ಇನ್ನೊಮ್ಮೆ ತಿದ್ದಿ, ಗಿಟಾರನ್ನು ಸ್ಪೀಕರಿಗೆ ಜೋಡಿಸಿ ಹೆಂಡತಿಯ ಮಡಿಲಿಗೆ ಇಟ್ಟಳು. ಹೆಂಡತಿ ಅದನ್ನು ಹಿಡಿದುಕೊಂಡಳು. ಬೆರಳು ತಂತಿಯ ಹತ್ತಿರ ಹೋಗಿ ಹಿಂದಕ್ಕೆ ಬಂತು.

"ಯಾಕೆ?" ಎಂದ ಹೂಂ ಭಾವ, ಅಪ್ಪಣೆ ಮರೆತು.

"ಹೆದ್ರಿಕೆ ಆಗ್ತಿದೆ ರೀ," ಎಂದಳು. ಅವಳು ಹೀಗೆ ಹೇಳಿದ್ದನ್ನು ಅವನು ಹಿಂದೆಂದೂ ಕೇಳಿರಲಿಲ್ಲ. "ಇಷ್ಟು ಹೊತ್ತು ಗಿಟಾರಿನ ಮೇಲೆ ತಪ್ಪು ಹೊರಿಸಿದ್ವಿ, ನಿಮ್ಮ ಮೇಲೂ ಹೊರಿಸಿದ್ವಿ. ಈಗಲೂ ಬರ್ಲಿಲ್ಲ ಅಂದ್ರೆ ಯಾರ ಮೇಲೆ ಹೊರಿಸ್ಲಿ?"

ಹೂಂ ಭಾವ ಅವಳ ಪಕ್ಕದಲ್ಲಿ ಒಂದು ಮರದ ಪೆಟ್ಟಿಗೆ ಎಳೆದುಕೊಂಡು ಕುಳಿತ. "ನನ್ನ ಮೇಲೇ ಹೊರಿಸು. ಅಭ್ಯಾಸ ಇದೆ," ಎಂದ.

ಅವಳ ತುಟಿಯ ತುದಿ ಅಲುಗಿತು. ಕಣ್ಣು ಮುಚ್ಚಿಕೊಂಡು ಒಂದು ಸ್ವರ ಒತ್ತಿದಳು. ಅದು ಇರಬೇಕಾದಲ್ಲೇ ಇತ್ತು. ಇನ್ನೊಂದು ಒತ್ತಿದಳು. ಮೂರನೆಯದನ್ನು ಒತ್ತಿ, ಉಸಿರು ಹಿಡಿದು, ತಂತಿಯನ್ನು ಪಕ್ಕಕ್ಕೆ ತಳ್ಳಿದಳು. ತಂತಿ ಹೋಯಿತು! ಸ್ವರ ಏರಿತು, ತಲುಪಬೇಕಾದ ಜಾಗ ತಲುಪಿ ಅಲ್ಲಿ ನಿಂತು ನಡುಗಿತು. ಬ್ರಿಡ್ಜಿನ ಹಿಡಿಕೆಯನ್ನು ಒಂಚೂರು ಅಮುಕಿ ಬಿಟ್ಟಳು. ಸ್ವರ ಇಳಿದು ಮತ್ತೆ ತನ್ನ ಮನೆಗೇ ಬಂತು. ಅಲ್ಲಿಂದ ಅವಳು ನಿಲ್ಲಲಿಲ್ಲ. ಅಲ್ಲಲ್ಲಿ ಬೆರಳು ತಪ್ಪಿತು, ಒಂದೆರಡು ಕಡೆ ತಡವರಿಸಿತು. ಅದಕ್ಕೆಲ್ಲ ಅವಳು ಲಕ್ಷ್ಯ ಕೊಡಲಿಲ್ಲ. ಮುಚ್ಚಿದ ಕಣ್ಣುಗಳ ಕೆಳಗೆ ತಾರಸಿಯ ಮೇಲಿನ ಆ ನಗು ಬಂದಿತ್ತು. ಹೂಂ ಭಾವ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಅಷ್ಟು ಸಂತೋಷವಾಗಿತ್ತು ಅವನಿಗೆ.

ಅವನಿಗೆ ಥಟ್ಟನೆ ಗುಡುಗಣ್ಣನ ನೆನಪಾಯಿತು. ಅಂಗಡಿಯ ಬಾಗಿಲಿಗೆ ಹೋಗಿ ಫೋನ್ ಮಾಡಿದ. "ಬೇರೆಯವ್ರು ಸಿಕ್ಬಿಟ್ರಾ?"

"ಒಬ್ಬ ಬಂದಿದ್ದ. ನಾನು ಹಾಡೋಕೆ ಬಾಯಿ ತೆಗೆದ್ರೆ ಅವನು ಅದಕ್ಕಿಂತ ಜೋರಾಗಿ ಬಾರಿಸ್ತಾನೆ. ಓಡಿಸ್ಬಿಟ್ಟೆ. ನಾಳೆ ಗಿಟಾರಿಲ್ದೇ ಕಿರುಚೋದು ಅಂತ..." ಗುಡುಗಣ್ಣ ತಟಕ್ಕನೆ ಸುಮ್ಮನಾದ. "ತಡೀರಿ. ಹಿಂದೆ ಕೇಳಿಸ್ತಿರೋದು ಯಾರು? ಅವ್ರೇ ಅಲ್ವಾ?"

ಹೂಂ ಭಾವ ಹೇಳಬೇಕೆಂದುಕೊಂಡಿದ್ದು ಬಹಳ ಇತ್ತು. ಅದನ್ನೆಲ್ಲ ಬಿಟ್ಟು ಫೋನನ್ನು ಗಿಟಾರಿನ ಕಡೆ ಹಿಡಿದ. ಸ್ವಲ್ಪ ಹೊತ್ತಾದ ಮೇಲೆ ಫೋನಿನಿಂದ, "ನಾಳೆ ಎರಡು ಹಾಡು ಸಾಕು, ಬರೋಕೆ ಹೇಳಿ" ಎಂಬ ಗುಡುಗು ಅಂಗಡಿಗೆಲ್ಲ ಕೇಳಿಸಿತು.

ಅವನು ಒಳಗೆ ಬರುವ ಹೊತ್ತಿಗೆ ಹಾಡು ಮುಗಿದಿತ್ತು. ಹೆಂಡತಿ ಎಡಗೈಯನ್ನು ಮಡಿಲಿಗೆ ಇಳಿಸಿಕೊಂಡು ಬಲಗೈಯಿಂದ ಮಣಿಕಟ್ಟನ್ನು ಒತ್ತಿಕೊಳ್ಳುತ್ತಿದ್ದಳು. ಮುಖ ಕಿವುಚಿಕೊಂಡಿತ್ತು. ಹೂಂ ಭಾವ ಅವಳ ಪಕ್ಕಕ್ಕೆ ಧಾವಿಸಿದ.

"ಏನಾಯ್ತೇ?"

"ನೋಯ್ತಿದೆ."

"ನೋಯ್ತಿದ್ಯಾ? ಎಲ್ಲಿ? ಡಾಕ್ಟರ್ ಹತ್ರ..."

"ಪೂರ್ತಿ ಕೇಳಿ ರೀ ಒಂದ್ಸಲನಾದ್ರೂ," ಎಂದಳು. ಕಣ್ಣು ತುಂಬಿ ಬಂದಿತ್ತು, ನಗುವನ್ನೂ ತಡೆಯಲಾಗುತ್ತಿರಲಿಲ್ಲ. "ಇಷ್ಟು ದಿನ ಮುರಿದಿದ್ದಕ್ಕೆ ನೋಯ್ತಿತ್ತು. ಈಗ ನುಡಿಸಿದ್ದಕ್ಕೆ ನೋಯ್ತಿದೆ."